ಎಷ್ಟು ತಂಡಗಳು ಬಂದಿದ್ದವು?

2025ರ ನವೆಂಬರ್ 23ರಂದು ಕೊಲಂಬೊದ ಪಿ. ಸಾರಾ ಓವಲ್ ಮೈದಾನದಲ್ಲಿ ಭಾರತದ ಅಂಧ ಮಹಿಳೆಯರ ಕ್ರಿಕೆಟ್ ತಂಡ ನೇಪಾಳವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಮೊತ್ತಮೊದಲ ಟಿ-20 ವಿಶ್ವಕಪ್ ಗೆದ್ದಿತು. ನೇಪಾಳ ಗಳಿಸಿದ್ದು 5 ವಿಕೆಟ್‌ಗೆ 114. ಇಡೀ ಇನಿಂಗ್ಸ್‌ನಲ್ಲಿ ಬೌಂಡರಿ ಒಂದೇ ಒಂದು. ಭಾರತಕ್ಕೆ ಆ ಗುರಿ ಮುಟ್ಟಲು ಹನ್ನೆರಡು ಓವರ್‌ಗಳ ಆಸುಪಾಸು ಸಾಕಾಯಿತು. ಒಡಿಶಾದ ಫೂಲಾ ಸರೇನ್ ಔಟಾಗದೆ 44 ರನ್ ಮಾಡಿದರು. ನಾಯಕಿ ದೀಪಿಕಾ ಟಿ.ಸಿ. ಕರ್ನಾಟಕದ ಆಟಗಾರ್ತಿ. ಟೂರ್ನಿಯಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2023ರ ಆಗಸ್ಟ್‌ನಲ್ಲಿ, ಬರ್ಮಿಂಗ್‌ಹ್ಯಾಂನ ಅಂಧರ ವಿಶ್ವ ಕ್ರೀಡಾಕೂಟದಲ್ಲಿ ಕರ್ನಾಟಕದವರೇ ಆದ ವರ್ಷಾ ಯು. ನಾಯಕತ್ವದಲ್ಲಿ ಇದೇ ದೇಶದ ಹೆಣ್ಣುಮಕ್ಕಳು ಚಿನ್ನ ಗೆದ್ದಿದ್ದರು.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೇ ಎಂದು ಕೇಳುವವರೊಂದಿಗೆ ನನಗೆ ಜಗಳವಿಲ್ಲ. ಆದರೆ ದಾಖಲೆ ಎಂಬುದು ತಂಡದ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತದೆ ಎಂಬ ನಂಬಿಕೆಯ ಬಗ್ಗೆ ಸಣ್ಣ ಸಂಶಯವಿದೆ. ಬರ್ಮಿಂಗ್‌ಹ್ಯಾಂನ ಮಹಿಳಾ ಕ್ರಿಕೆಟ್‌ನಲ್ಲಿ ಆಡಿದ್ದು ಮೂರು ತಂಡಗಳು: ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್. ವಿಶ್ವಕಪ್‌ಗೆ ಬಂದದ್ದು ಆರು: ಭಾರತ, ನೇಪಾಳ, ಶ್ರೀಲಂಕಾ, ಪಾಕಿಸ್ತಾನ, ಆಸ್ಟ್ರೇಲಿಯಾ, ಅಮೆರಿಕ. ಇದೇ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಮೆಹ್ರೀನ್ ಅಲಿ ಶ್ರೀಲಂಕಾ ವಿರುದ್ಧ 78 ಎಸೆತಗಳಲ್ಲಿ 230 ರನ್ ಹೊಡೆದರು. ಅದು ಮೆಹ್ರೀನ್ ಅವರ ತಾಕತ್ತನ್ನು ತೋರಿಸುತ್ತದೆ, ಸರಿ. ಆದರೆ ಒಂದು ತಂಡಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಅಷ್ಟು ಅಂತರವಿರುವ ಕಡೆ 'ಅಜೇಯ' ಎಂಬ ವಿಶೇಷಣವನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕಾಗುತ್ತದೆ.

ಹಾಗೆಂದು ಈ ಗೆಲುವು ಹಗುರ ಎನ್ನಬಹುದೇ? ಆ ತೀರ್ಮಾನವನ್ನೂ ನಾನು ಒಪ್ಪಲಾರೆ. ಮಹಿಳೆಯರ ಮೊದಲ ಕ್ರಿಕೆಟ್ ವಿಶ್ವಕಪ್ ನಡೆದದ್ದು 1973ರಲ್ಲಿ, ಇಂಗ್ಲೆಂಡಿನಲ್ಲಿ, ಪುರುಷರ ಮೊದಲ ವಿಶ್ವಕಪ್‌ಗಿಂತ ಎರಡು ವರ್ಷ ಮುಂಚೆ. ಆಡಿದ್ದು ಏಳು ತಂಡಗಳು. ಅವುಗಳಲ್ಲಿ ಒಂದು 'ಯಂಗ್ ಇಂಗ್ಲೆಂಡ್', ಅಂದರೆ ಆತಿಥೇಯರದೇ ಎರಡನೆಯ ತಂಡ. ಇನ್ನೊಂದು ಅಲ್ಲಿಂದ ಇಲ್ಲಿಂದ ಕೂಡಿಸಿದ 'ಇಂಟರ್‌ನ್ಯಾಷನಲ್ ಇಲೆವೆನ್'. ಭಾರತ ಇರಲೇ ಇಲ್ಲ. 1978ರಲ್ಲಿ ಭಾರತದಲ್ಲೇ ನಡೆದ ಎರಡನೆಯ ವಿಶ್ವಕಪ್‌ನಲ್ಲಿ ತಂಡಗಳು ನಾಲ್ಕಕ್ಕಿಳಿದವು. ಅಷ್ಟಾದರೂ ಇಂದು ಯಾರೂ ಅವನ್ನು ಸುಳ್ಳು ವಿಶ್ವಕಪ್ ಎನ್ನುವುದಿಲ್ಲ. ಆಟಗಳು ಹುಟ್ಟುವುದೇ ಹೀಗೆ, ಅರೆಬರೆಯಾಗಿ. ನನ್ನ ತಕರಾರು ಗೆದ್ದವರ ಮೇಲಲ್ಲ, ಆ ಗೆಲುವನ್ನು ನಾವು ಓದುವ ಕ್ರಮದ ಮೇಲೆ. ಇಂಥ ದಾಖಲೆ ಮೊದಲು ಹೇಳುವುದು ಯಾರು ಎಷ್ಟು ಚೆನ್ನಾಗಿ ಆಡಿದರು ಎಂಬುದನ್ನಲ್ಲ. ಯಾವ ಯಾವ ದೇಶದಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಮನೆಯಿಂದ ಹೊರಗೆ ಕಾಲಿಡಲು ಆಯಿತು ಎಂಬುದನ್ನು. ಅಂಧ ಪುರುಷರ ಮೊದಲ ಕ್ರಿಕೆಟ್ ವಿಶ್ವಕಪ್ ದೆಹಲಿಯಲ್ಲಿ ನಡೆದದ್ದು 1998ರಲ್ಲಿ. ಮಹಿಳೆಯರ ಸರದಿ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಸ್ಕೋರ್‌ಕಾರ್ಡಿನಲ್ಲಿ ಬರೆಯದ ಅಂಕಿ ಅದು.

ಇನ್ನೊಂದು ಮಾತು ನಮ್ಮ ಕಡೆ ಬಹಳ ಕೇಳಿಬರುತ್ತದೆ: ದೇವರು ಒಂದು ಇಂದ್ರಿಯ ಕಿತ್ತುಕೊಂಡರೆ ಇನ್ನೊಂದನ್ನು ಹರಿತ ಮಾಡಿ ಕೊಡುತ್ತಾನೆ, ಹಾಗಾಗಿ ಕಣ್ಣಿಲ್ಲದವರಿಗೆ ಕಿವಿ ಸೂಕ್ಷ್ಮ, ಆಟ ಸಲೀಸು. ಇದು ಪೂರ್ತಿ ಸುಳ್ಳಲ್ಲ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೂ ಶಬ್ದಕ್ಕೆ ಸ್ಪಂದಿಸುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ಆದರೆ ಶಬ್ದವನ್ನು ಗುರುತಿಸುವುದು ಬೇರೆ, ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಸದ್ದು ಮಾಡುತ್ತ ನೆಲಕ್ಕೆ ಅಂಟಿಕೊಂಡು ಬರುವ ಚೆಂಡಿಗೆ ಒಂದೂವರೆ ಸೆಕೆಂಡಿನೊಳಗೆ ಮೈ ಅಡ್ಡ ಹಾಕುವುದು ಬೇರೆ. ಹೊಸನಗರ ತಾಲ್ಲೂಕಿನ ನಮ್ಮ ನಿಟ್ಟೂರಿನ ಕಡೆ ತಿರುವಿನಾಚೆ ಬರುತ್ತಿರುವ ಬಸ್ಸು ಯಾವುದೆಂದು ನೋಡದೆಯೇ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆಲ್ಲ ಕಣ್ಣು ನೆಟ್ಟಗಿದೆ. ದಿನವೂ ಅದೇ ಬಸ್ಸಿಗೆ ಕಾದು ಕಾದು ಕಿವಿ ಪಳಗಿದೆ, ಅಷ್ಟೆ. ಹೀಗಿರುವಾಗ ಆಟಗಾರ್ತಿಯ ಕಿವಿಯನ್ನು ಮಾತ್ರ ವರವೆಂದು ಕರೆದರೆ ಅವಳ ವರ್ಷಗಟ್ಟಲೆ ಅಭ್ಯಾಸವನ್ನು ಲೆಕ್ಕದಿಂದ ತೆಗೆದುಹಾಕಿದಂತಾಗುತ್ತದೆ.

ಕೇಳಿಸುವುದು ಕಿವಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ, ಜಾಗಕ್ಕೂ ಸಂಬಂಧವಿದೆ. ಕೊಡಚಾದ್ರಿಯ ತಪ್ಪಲಿನ ಈ ಊರಿನಲ್ಲಿ ಜುಲೈ ತಿಂಗಳು ಶೀಟಿನ ಮಾಡಿನ ಅಡಿ ನಿಂತರೆ ಎದುರಿಗಿದ್ದವರು ಕೂಗಿದ್ದೂ ಕೇಳುವುದಿಲ್ಲ. ಮಳೆ ಜೋರಾದಾಗ ಮೇಷ್ಟ್ರು ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಣದ ಮಗುವಿಗೆ ಆ ಹೊತ್ತಿನಲ್ಲಿ ಬೋರ್ಡೂ ಇಲ್ಲ, ಮೇಷ್ಟ್ರ ದನಿಯೂ ಇಲ್ಲ. ಕಿವಿ ಹರಿತ ಎಂಬ ಸಮಾಧಾನ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಇನ್ನು 'ಸ್ಫೂರ್ತಿ'. ಗೆದ್ದ ತಂಡದ ಬಗ್ಗೆ ನಾನು ಓದಿದ ಬರಹಗಳಲ್ಲಿ ಸ್ಫೂರ್ತಿಯ ಮಾತು ಧಾರಾಳವಾಗಿತ್ತು. ಯಾವ ಬೌಲರ್ ದಾರಿ ತಪ್ಪಿದಳು, ಯಾವ ಓವರಿನಲ್ಲಿ ಕ್ಷೇತ್ರರಕ್ಷಣೆ ಸಡಿಲವಾಯಿತು, ನಾಯಕಿಯ ಯಾವ ತೀರ್ಮಾನ ಪ್ರಶ್ನಾರ್ಹ ಎಂಬ ಮಾತು ಕಾಣಲಿಲ್ಲ. ಅದೇ ನವೆಂಬರ್ 2ರಂದು ನವಿ ಮುಂಬೈನಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಏಕದಿನ ವಿಶ್ವಕಪ್ ಗೆದ್ದಾಗ, ಅದಕ್ಕೂ ಮುಂಚೆ ಲೀಗ್ ಹಂತದಲ್ಲಿ ಸೋತ ಪಂದ್ಯಗಳ ಬಗ್ಗೆ ಅಂಗಡಿ ಕಟ್ಟೆಯ ಮೇಲೆ ಕೂತವರೂ ಗಂಟೆಗಟ್ಟಲೆ ವಿಮರ್ಶೆ ನಡೆಸಿದ್ದರು. ಟೀಕೆ ಸಿಗುವುದು ಸಮಾನರಿಗೆ. ಟೀಕೆಯಿಂದ ವಿನಾಯಿತಿ ಪಡೆದವರು ಗೌರವದ ಹೆಸರಿನಲ್ಲಿ ಆಟದ ಹೊರಗೇ ಉಳಿಯುತ್ತಾರೆ. ಇಲ್ಲಿ ನೀವು ಭಿನ್ನವಾಗಿ ಯೋಚಿಸಬಹುದು: ಈಗಷ್ಟೇ ಹೊರಬಂದ ಹೆಣ್ಣುಮಕ್ಕಳನ್ನು ಟೀಕಿಸಿ ಕುಗ್ಗಿಸುವುದು ಯಾಕೆ? ಈ ಆಕ್ಷೇಪದಲ್ಲಿ ತೂಕವಿದೆ. ಆದರೂ, ವಿಶ್ವಕಪ್ ಎತ್ತಿದ ನಾಯಕಿಗೆ ಒಂದು ತಪ್ಪು ತೀರ್ಮಾನದ ಬಗ್ಗೆ ಉತ್ತರ ಕೊಡುವ ಶಕ್ತಿ ಇಲ್ಲವೆಂದು ನಾವೇ ಊಹಿಸಿಕೊಳ್ಳುವುದು ಯಾವ ಬಗೆಯ ಮರ್ಯಾದೆ?

ಹಣದ ಹೋಲಿಕೆಯೂ ಆಯಿತು. ಏಕದಿನ ತಂಡಕ್ಕೆ ಬಿಸಿಸಿಐ 51 ಕೋಟಿ ರೂಪಾಯಿ ಘೋಷಿಸಿತು, ಇವರಿಗೆ ಯಾಕಿಲ್ಲ ಎಂದು. ಸಿಟ್ಟು ಸಹಜ, ಆದರೆ ವಿಳಾಸ ಸರಿಯಿಲ್ಲ. ಅಂಧರ ಕ್ರಿಕೆಟ್ ನಡೆಸುವುದು ಬಿಸಿಸಿಐ ಅಲ್ಲ. ಅದಕ್ಕೆ ಭಾರತೀಯ ಅಂಧರ ಕ್ರಿಕೆಟ್ ಸಂಸ್ಥೆ ಎಂದು ಬೇರೆಯೇ ಇದೆ. ಅದರ ಬೆನ್ನಿಗೆ ನಿಂತಿರುವುದು ಬೆಂಗಳೂರಿನ ಸಮರ್ಥನಂ ಟ್ರಸ್ಟ್. 1997ರಲ್ಲಿ ಅದನ್ನು ಕಟ್ಟಿದ ಮಹಾಂತೇಶ ಜಿ. ಕಿವಡಸಣ್ಣವರ ಸ್ವತಃ ದೃಷ್ಟಿಹೀನರು. ಒಮ್ಮೆ ಕೊಡುವ ಬಹುಮಾನದ ದೊಡ್ಡ ಮೊತ್ತಕ್ಕಿಂತ, ಗೆಲ್ಲದ ವರ್ಷದಲ್ಲೂ ಸಿಗುವ ಸಣ್ಣ ಮೊತ್ತ ತಂಡವನ್ನು ಉಳಿಸುತ್ತದೆ ಎಂದು ನನ್ನ ಅಂದಾಜು.

ಪದಕ ಬಂದರೆ ಊರು ಉದ್ಧಾರವಾಗುತ್ತದೆ ಎಂಬ ಮಾತಿಗೂ ಒಂದು ಉದಾಹರಣೆ ಕೈಗೆ ಸಿಕ್ಕಿದೆ. ದೀಪಿಕಾ ಆಡುವುದು ಕರ್ನಾಟಕದ ಪರ. ಅವರ ಊರು ಇರುವುದು ಗಡಿಯಾಚೆ, ಆಂಧ್ರದ ಮಡಕಶಿರಾ ಸೀಮೆಯ ಹೇಮಾವತಿಯ ಬಳಿ, ಕನ್ನಡ ನುಡಿಯುವ ಪ್ರದೇಶದಲ್ಲಿ. 2025ರ ಡಿಸೆಂಬರ್‌ನಲ್ಲಿ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ತಂಡವನ್ನು ಬರಮಾಡಿಕೊಂಡಾಗ ದೀಪಿಕಾ ತಮ್ಮ ಊರಿಗೆ ರಸ್ತೆ ಕೇಳಿದರು. ರಸ್ತೆಗೆ ಮಂಜೂರಾತಿ ಸಿಕ್ಕಿತು. ಎಲ್ಲರೂ ಸಂತೋಷಪಟ್ಟರು, ನಾನೂ. ಆದರೆ ಒಂದು ರಸ್ತೆಗೆ ಒಂದು ವಿಶ್ವಕಪ್ ಎಂಬ ದರ ನಿಗದಿಯಾದರೆ ನಮ್ಮ ಹೊಸನಗರ ತಾಲ್ಲೂಕಿನ ಕಾಲುಸಂಕಗಳೆಲ್ಲ ಸೇತುವೆಯಾಗಲು ಎಷ್ಟು ಟೂರ್ನಿ ಆಡಿಸಬೇಕಾದೀತು!

ಈಗ ಸ್ವಲ್ಪ ಗೋಲ್‌ಬಾಲ್ ಕಡೆಗೆ ಬರುತ್ತೇನೆ. ಅಂಧರ ಕ್ರೀಡೆಯ ಬಗ್ಗೆ ನಮ್ಮ ಊಹೆಗಳನ್ನು ಅದು ಬೇರೆ ರೀತಿಯಲ್ಲಿ ಪರೀಕ್ಷಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಆಸ್ಟ್ರಿಯಾದ ಹಾನ್ಸ್ ಲೊರೆಂಜೆನ್ ಮತ್ತು ಜರ್ಮನಿಯ ಸೆಪ್ ರೈಂಡ್ಲ್ ರೂಪಿಸಿದ ಆಟ ಇದು. ಬದಿಗೆ ಮೂವರು. ಒಳಗೆ ಗೆಜ್ಜೆಯಿರುವ, ಒಂದೂಕಾಲು ಕಿಲೋ ತೂಕದ ಚೆಂಡು. ಅಂಕಣದ ಗೆರೆಗಳ ಕೆಳಗೆ ಹುರಿ ಎಳೆದು ಮೇಲೆ ಟೇಪ್ ಅಂಟಿಸಿರುತ್ತಾರೆ. ಆಟಗಾರರು ಬೆರಳಿನಿಂದ, ಪಾದದಿಂದ ಮುಟ್ಟಿ ತಾವೆಲ್ಲಿದ್ದೇವೆ ಎಂದು ತಿಳಿಯುತ್ತಾರೆ. ಅಂಕಣದ ಅಗಲವಷ್ಟೂ, ಒಂಬತ್ತು ಮೀಟರ್, ಗೋಲು. ಚೆಂಡು ಆಟದಲ್ಲಿರುವಾಗ ಪ್ರೇಕ್ಷಕರು ಉಸಿರೆತ್ತುವಂತಿಲ್ಲ. ಪುರುಷರ ಗೋಲ್‌ಬಾಲ್ ಪ್ಯಾರಾಲಿಂಪಿಕ್ಸ್‌ಗೆ ಸೇರಿದ್ದು 1976ರಲ್ಲಿ, ಮಹಿಳೆಯರದು 1984ರಲ್ಲಿ: ಎಂಟು ವರ್ಷದ ಅಂತರ, ನಮ್ಮ ಕ್ರಿಕೆಟ್ಟಿನ ಇಪ್ಪತ್ತೇಳಕ್ಕೆ ಹೋಲಿಸಿದರೆ ಅಲ್ಪ.

ಮಹಿಳಾ ಗೋಲ್‌ಬಾಲ್‌ನಲ್ಲಿ ಈಚಿನ ದಾಖಲೆ ಎಂದರೆ ಟರ್ಕಿಯದು. 2016ರ ರಿಯೊ ಫೈನಲ್‌ನಲ್ಲಿ ಚೀನಾ ವಿರುದ್ಧ 4-1, ಟೋಕಿಯೊದಲ್ಲಿ ಅಮೆರಿಕದ ವಿರುದ್ಧ 9-2, 2024ರಲ್ಲಿ ಪ್ಯಾರಿಸ್‌ನಲ್ಲಿ ಇಸ್ರೇಲ್ ವಿರುದ್ಧ 8-3. ಸತತ ಮೂರು ಚಿನ್ನ. ಸೆವ್ದಾ ಅಲ್ತುನೊಲುಕ್ ಎಂಬ ಆಟಗಾರ್ತಿಯ ಎಸೆತವೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಅವರ ಗೋಲುಗಳ ಲೆಕ್ಕ ನೋಡಿದರೆ ಅಲ್ಲಗಳೆಯುವುದು ಕಷ್ಟ. ಆದರೆ ಟರ್ಕಿಯಲ್ಲಿ ಕ್ಲಬ್‌ಗಳ ನಡುವೆ ಗೋಲ್‌ಬಾಲ್ ಲೀಗ್ ನಡೆಯುತ್ತದೆ. ಅಂದರೆ ಸೆವ್ದಾಗೆ ವರ್ಷವಿಡೀ ಎದುರಾಳಿಗಳು ಸಿಗುತ್ತಾರೆ. 2012ರ ಲಂಡನ್ ಫೈನಲ್‌ನಲ್ಲಿ ಜಪಾನ್ ಚೀನಾವನ್ನು ಸೋಲಿಸಿದ್ದು 1-0ಯಿಂದ. ಹತ್ತು ಗೋಲುಗಳ ಅಂತರವಾದರೆ ಪಂದ್ಯವನ್ನೇ ನಿಲ್ಲಿಸಿಬಿಡುವ ನಿಯಮವಿರುವ ಆಟದಲ್ಲಿ 1-0 ಎಂಬ ಅಂಕಿ ಎರಡೂ ತಂಡಗಳಿಗೆ ಸಲ್ಲುವ ಪ್ರಶಸ್ತಿ. ಸೋತ ತಂಡ ಎಷ್ಟು ಗಟ್ಟಿ ಎಂಬುದರಿಂದಲೂ ಗೆದ್ದವರ ದಾಖಲೆಯನ್ನು ಅಳೆಯಬೇಕೆಂದು ನಾನು ಹೇಳುತ್ತಿರುವುದು ಇದಕ್ಕೇ.

ಭಾರತ ಈವರೆಗೆ ಪ್ಯಾರಾಲಿಂಪಿಕ್ಸ್ ಗೋಲ್‌ಬಾಲ್ ಆಡಿಲ್ಲ. ಜನಸಂಖ್ಯೆಯಿದ್ದರೆ ಪದಕ ತಾನೇ ಬರುತ್ತದೆ ಎನ್ನುವವರು ಇದನ್ನು ಗಮನಿಸಬೇಕು. 2011ರ ಜನಗಣತಿಯ ಪ್ರಕಾರ ನಮ್ಮಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ, ಅವರಲ್ಲಿ ಹೆಣ್ಣುಮಕ್ಕಳು ಸುಮಾರು 24 ಲಕ್ಷ. ಇವರಲ್ಲಿ ವಯಸ್ಸಾದವರು ಬಹಳ, ನಿಜ. 2016ರಲ್ಲಿ ಪುರುಷರ ಚಿನ್ನ ಗೆದ್ದ ಲಿಥುವೇನಿಯಾದ ಒಟ್ಟು ಜನಸಂಖ್ಯೆಯೇ 30 ಲಕ್ಷ ಮುಟ್ಟುವುದಿಲ್ಲ. ಅಂಥ ದೇಶಕ್ಕೆ ಸಿಕ್ಕ, ಬದಲಿಯವರೂ ಸೇರಿದ ಆರು ಮಂದಿ ನಮಗೆ ಸಿಗಲಿಲ್ಲವೇ? ಸೌಲಭ್ಯವಿಲ್ಲ ಎಂಬ ಸಿದ್ಧ ಉತ್ತರವೂ ಇಲ್ಲಿ ನಿಲ್ಲುವುದಿಲ್ಲ. ಗೋಲ್‌ಬಾಲ್ ಅಂಕಣದ ಅಳತೆ 18 ಮೀಟರ್ ಉದ್ದ, 9 ಮೀಟರ್ ಅಗಲ. ನಮ್ಮ ಹಳ್ಳಿ ಹಳ್ಳಿಗಳಲ್ಲಿ ಟೂರ್ನಮೆಂಟ್ ನಡೆಯುವ ವಾಲಿಬಾಲ್ ಅಂಕಣದ್ದೂ ಅದೇ ಅಳತೆ. ಬೇಕಾದ್ದು ನುಣುಪು ನೆಲದ ಒಂದು ಹಾಲ್, ಹುರಿ, ಟೇಪ್, ಚೆಂಡು, ಕಣ್ಣುಪಟ್ಟಿ. ಗೋಲಿನ ಚೌಕಟ್ಟನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ಕ್ರಿಕೆಟ್ ನಮ್ಮ ಬಲ ಎನ್ನುತ್ತೇವೆ. ಅಂಧರ ಮಟ್ಟಿಗೆ ಅದು ಬಲವೋ ಭಾರವೋ ಎಂದು ನನಗೆ ಒಮ್ಮೊಮ್ಮೆ ಅನುಮಾನ ಬರುತ್ತದೆ. ಅಂಧರ ಕ್ರಿಕೆಟ್ ಪ್ಯಾರಾಲಿಂಪಿಕ್ಸ್‌ನಲ್ಲಿಲ್ಲ. ತಂಡಕ್ಕೆ ಹನ್ನೊಂದು ಮಂದಿ ಬೇಕು. ಅದರಲ್ಲೂ ಬಿ1 ಎಂದು ಕರೆಯುವ, ಏನೂ ಕಾಣದವರು ಕನಿಷ್ಠ ನಾಲ್ವರು, ಉಳಿದಂತೆ ಬಿ2, ಬಿ3 ಎಂಬ ಭಾಗಶಃ ಕಾಣುವವರು. ಬಿ1 ಆಟಗಾರ್ತಿ ಹೊಡೆದ ರನ್ ಎರಡರಷ್ಟಾಗುತ್ತದೆ, ಒಂದು ಪುಟ ಬಿದ್ದು ಹಿಡಿದರೂ ಆಕೆಯ ಕ್ಯಾಚು ಕ್ಯಾಚೇ. ಇದು ಜಾಣ ಏರ್ಪಾಡು, ನ್ಯಾಯವೂ ಹೌದು. ಗೋಲ್‌ಬಾಲ್‌ನ ನ್ಯಾಯ ಬೇರೆ: ಸ್ವಲ್ಪ ಕಾಣುವವರೂ ಏನೂ ಕಾಣದವರೂ ಒಂದೇ ಬಗೆಯ ದಪ್ಪ ಪಟ್ಟಿ ಕಟ್ಟಿಕೊಳ್ಳಬೇಕು. ಒಂದು ಆಟ ವ್ಯತ್ಯಾಸವನ್ನು ಎಣಿಸಿ ತೂಗುತ್ತದೆ, ಇನ್ನೊಂದು ಅಳಿಸಿಬಿಡುತ್ತದೆ. ಯಾವುದು ಹೆಚ್ಚು ಸರಿ ಎಂದು ನಾನು ಹೇಳಲಾರೆ. ಆದರೆ ಚದುರಿ ಬದುಕುವ ಮಕ್ಕಳಿಗೆ ಯಾವುದು ಕೈಗೆಟುಕುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಕಷ್ಟವಲ್ಲ.

ಚದುರಿದ್ದಾರೆ ಎಂದೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಅಲ್ಲಿ. ಶೇಖರ್ ನಾಯ್ಕ್ ನಮ್ಮ ಶಿವಮೊಗ್ಗ ಜಿಲ್ಲೆಯವರು. ಭಾರತ ಅಂಧರ ತಂಡದ ನಾಯಕರಾಗಿ 2012ರ ಟಿ-20 ವಿಶ್ವಕಪ್ಪನ್ನೂ 2014ರ ಏಕದಿನ ವಿಶ್ವಕಪ್ಪನ್ನೂ ಗೆದ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಅವರು ಓದಿದ್ದು ಶಿವಮೊಗ್ಗದ ಶಾರದಾದೇವಿ ಅಂಧರ ಶಾಲೆಯಲ್ಲಿ; ಬ್ಯಾಟು ಹಿಡಿದದ್ದೂ ಆ ದಿನಗಳಲ್ಲೇ. ದೀಪಿಕಾ ಕೂಡ ವಿಶೇಷ ಶಾಲೆಯಲ್ಲಿ ಓದಿದವರು. ಅಂಧ ಮಕ್ಕಳು ಒಂದೇ ಸೂರಿನಡಿ ಸೇರಿದ ಕಡೆ ಮಾತ್ರ ತಂಡ ಹುಟ್ಟಿದೆ. ಈಗಿನ ಶಿಕ್ಷಣ ನೀತಿ ಬೇರೆ ದಿಕ್ಕಿನಲ್ಲಿದೆ: ಮಗು ತನ್ನೂರಿನ ಶಾಲೆಯಲ್ಲೇ ಇತರ ಮಕ್ಕಳ ಜೊತೆ ಕಲಿಯಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡರ ಒಲವೂ ಅದೇ. ಆರೇಳು ವರ್ಷದ ಹೆಣ್ಣುಮಗುವನ್ನು ಅಪ್ಪ ಅಮ್ಮನಿಂದ ಬಿಡಿಸಿ ಹಾಸ್ಟೆಲಿಗೆ ಕಳಿಸದೆ ಓದಿಸಬಹುದಾದರೆ ಅದು ಒಳ್ಳೆಯದೇ. ನಾನೂ ಅದರ ಪರ. ಆದರೆ ಈ ಒಳ್ಳೆಯ ನೀತಿಗೂ ಒಂದು ಬೆಲೆ ಇದೆ. ಅಂಧ ಹುಡುಗಿ ಹತ್ತಿರದ ಶಾಲೆಗೆ ಬಂದಳು. ಅಲ್ಲಿ ಅವಳು ಒಬ್ಬಳೇ. ಪಿ.ಟಿ. ಪೀರಿಯಡ್ಡಿನಲ್ಲಿ ಉಳಿದವರು ಥ್ರೋಬಾಲ್, ಕೊಕ್ಕೊ ಆಡುವಾಗ ಅವಳು ಜಗಲಿಯ ಮೇಲೆ ಕೂತು ಎಲ್ಲರ ನೀರಿನ ಬಾಟಲಿ ಕಾಯುತ್ತಾಳೆ. ಪಾಠದಲ್ಲಿ ಸೇರಿಸಿಕೊಂಡೆವು, ಆಟದಲ್ಲಿ ಬಿಟ್ಟೆವು.

ಮಲೆನಾಡಿನಲ್ಲಿ ಇದು ಇನ್ನೂ ಬಿಗಿ. ಇಲ್ಲಿ ಊರೆಂದರೆ ಒಂದು ಬೀದಿಯಲ್ಲ. ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಒಂದು ಗುಡ್ಡ ಅಥವಾ ಒಂದು ಹಳ್ಳ. ಕಣ್ಣಿರುವ ಮಕ್ಕಳನ್ನೇ ಮಳೆಗಾಲದಲ್ಲಿ ಸಂಕ ದಾಟಿಸಿ ಬಿಟ್ಟುಬರುವ ತಾಯಂದಿರು, ಕಾಣದ ಮಗಳನ್ನು ಅಭ್ಯಾಸಕ್ಕೆಂದು ಶಿವಮೊಗ್ಗಕ್ಕೆ ಕಳಿಸಲು ಹಿಂಜರಿದರೆ ಅದನ್ನು ಅಜ್ಞಾನ ಎನ್ನಲು ನನಗೆ ಮನಸ್ಸಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ತಾಲ್ಲೂಕು ಸೇರಿಸಿದರೂ ಒಂದೇ ವಯಸ್ಸಿನ, ಪ್ರತಿ ವಾರ ಒಂದೆಡೆ ಸೇರಬಲ್ಲ ಹನ್ನೊಂದು ಅಂಧ ಹುಡುಗಿಯರನ್ನು ಕೂಡಿಸುವುದು ಸುಲಭವಲ್ಲ. ಕ್ರಿಕೆಟ್ ಇಲ್ಲಿ ಸೋಲುವುದು ಲೆಕ್ಕದಲ್ಲೇ.

ಗೋಲ್‌ಬಾಲ್‌ಗೆ ಬೇರೊಂದು ದಾರಿಯಿದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ದೃಷ್ಟಿದೋಷವುಳ್ಳವರೇ ಆಡಬೇಕು, ಸರಿ. ಆದರೆ ಎಲ್ಲರೂ ಪಟ್ಟಿ ಕಟ್ಟಿಕೊಳ್ಳುವುದರಿಂದ ಸ್ಥಳೀಯ ಮಟ್ಟದಲ್ಲಿ ಕಾಣುವವರನ್ನೂ ಆಡಿಸಬಹುದು. ಬ್ರಿಟನ್‌ನಂಥ ಕಡೆ ದೇಶದೊಳಗಿನ ಪಂದ್ಯಗಳಲ್ಲಿ ಹಾಗೆ ಆಡಿಸುತ್ತಾರೆ. ಹಾಗಿದ್ದಲ್ಲಿ ಹೈಸ್ಕೂಲಿನಲ್ಲಿ ಒಬ್ಬಳೇ ಅಂಧ ಹುಡುಗಿ ಇದ್ದರೂ ಸಾಕು. ಅವಳ ಜೊತೆ ಐವರು ಸಹಪಾಠಿಗಳು ಕಣ್ಣಿಗೆ ಪಟ್ಟಿ ಕಟ್ಟಿದರೆ ಎರಡು ತಂಡ ಪೂರ್ತಿ. ಅಂಧ ಮಹಿಳೆಯರ ರಾಷ್ಟ್ರೀಯ ತಂಡದ ನಾಳಿನ ದಾಖಲೆ ಕಣ್ಣಿರುವ ಹುಡುಗಿಯರ ಕೈಯಲ್ಲಿದೆ ಎಂದರೆ ವಿಚಿತ್ರವಾಗಿ ಕೇಳಿಸೀತು. ನನಗಂತೂ ಬೇರೆ ಲೆಕ್ಕ ಹೊಂದುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶೀಟಿನ ಮಾಡಿನ ಅಡಿ ಗೆಜ್ಜೆ ಕೇಳಿಸುವುದಿಲ್ಲ. ಆರ್‌ಸಿಸಿ ಹಾಲ್ ಇರುವ ಕಡೆ ಹೋಗಬೇಕು, ಇಲ್ಲವೇ ದೀಪಾವಳಿಯ ನಂತರ ಶುರುಮಾಡಬೇಕು.

ಪಾಲಕರ ಸಭೆಯಲ್ಲಿ ಇದನ್ನು ಮುಂದಿಟ್ಟರೆ ಬರಬಹುದಾದ ಆಕ್ಷೇಪ ನನಗೆ ಗೊತ್ತು: ಚೆನ್ನಾಗಿ ಕಾಣುವ ನಮ್ಮ ಮಕ್ಕಳಿಗೆ ಕಣ್ಣು ಕಟ್ಟಿಸುವುದು ಯಾಕೆ, ಅಂಧತ್ವವನ್ನು ಹುಡುಗಾಟ ಮಾಡಿದಂತಾಗುವುದಿಲ್ಲವೇ? ಒಂದು ದಿನದ ಮಟ್ಟಿಗೆ ಪಟ್ಟಿ ಕಟ್ಟಿಸಿ, ಅಯ್ಯೋ ಎಷ್ಟು ಕಷ್ಟ ಎಂದು ಹೇಳಿಸಿ, ಫೋಟೊ ತೆಗೆಯುವ ಜಾಗೃತಿ ಕಾರ್ಯಕ್ರಮಗಳ ಬಗ್ಗೆ ನನಗೂ ಅದೇ ತಕರಾರಿದೆ. ಪ್ರತಿ ವಾರ ಅಂಕ ಎಣಿಸಿ ಆಡುವ ಆಟ ಹಾಗಲ್ಲ. ಕತ್ತಲಿಗೆ ಹೊಸಬರಾದ ಐವರ ನಡುವೆ, ಹುಟ್ಟಿನಿಂದ ಶಬ್ದದ ಜಾಡು ಹಿಡಿದು ನಡೆದವಳು ಮೊದಲ ಕೆಲವು ವಾರ ಮುಂದಿರುತ್ತಾಳೆ. ಆಮೇಲೆ ಅವರೂ ಕಲಿಯುತ್ತಾರೆ, ಅವಳೂ ಸೋಲುತ್ತಾಳೆ, ಯಾಕೆ ಸೋತೆ ಎಂದು ಪಿ.ಟಿ. ಮೇಷ್ಟ್ರು ಅವಳನ್ನು ಗದರುತ್ತಾರೆ.